ಬೆಲ್ಟಿನ ಬಿಗಿ ಕಾಯುವ ಟೆನ್ಷನರ್: ಹಳೆಯ ಕಾರಿನಲ್ಲಿ ಅದನ್ನು ಬದಲಿಸುವ ಬಗೆ

ಕಾರಿನ ಎಂಜಿನ್‌ಗೆ ಚಕ್ರ ತಿರುಗಿಸುವುದೊಂದೇ ಕೆಲಸವಲ್ಲ. ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್, ಎಂಜಿನ್ನಿನ ಒಳಗೆ ಕೂಲೆಂಟ್ ಹರಿಸುವ ವಾಟರ್ ಪಂಪ್, ಎ.ಸಿ. ಕಂಪ್ರೆಸರ್, ಕೆಲವು ಕಾರುಗಳಲ್ಲಿ ಪವರ್ ಸ್ಟಿಯರಿಂಗ್ ಪಂಪ್, ಇವೆಲ್ಲಕ್ಕೂ ಬಲ ಬರುವುದು ಎಂಜಿನ್‌ನಿಂದಲೇ. ಆ ಬಲವನ್ನು ಸಾಗಿಸುವುದು ರಬ್ಬರಿನ ಒಂದು ಪಟ್ಟಿ, ಅಂದರೆ ಡ್ರೈವ್ ಬೆಲ್ಟ್. ಕ್ರ್ಯಾಂಕ್ ಶಾಫ್ಟಿನ ತುದಿಯ ದೊಡ್ಡ ಪುಲ್ಲಿ ತಿರುಗಿದಾಗ ಈ ಬೆಲ್ಟ್ ಉಳಿದ ಪುಲ್ಲಿಗಳನ್ನೂ ಜೊತೆಗೆ ತಿರುಗಿಸುತ್ತದೆ. ಬೆಲ್ಟಿಗೂ ಪುಲ್ಲಿಗೂ ನಡುವೆ ಗೇರಿನಂಥ ಹಲ್ಲುಗಳಿಲ್ಲ. ಹಿಡಿತವೆಲ್ಲ ಘರ್ಷಣೆಯದು. ಘರ್ಷಣೆ ಉಳಿಯಬೇಕಾದರೆ ಬೆಲ್ಟ್ ಸದಾ ಹದವಾದ ಬಿಗಿಯಲ್ಲಿರಬೇಕು. ಆ ಬಿಗಿಯನ್ನು ಕಾಯುವ ಬಿಡಿಭಾಗವೇ ಟೆನ್ಷನರ್.

ಹಳೆಯ ಕಾರಿನ ಬೆಲ್ಟ್ ಕಿರುಚತೊಡಗಿದರೆ ಸಾಮಾನ್ಯವಾಗಿ ಮೊದಲು ಬದಲಾಗುವುದು ಬೆಲ್ಟ್. ಕೆಲವು ವಾರ ಸದ್ದು ಅಡಗುತ್ತದೆ, ಆಮೇಲೆ ಮತ್ತೆ ಕೇಳಿಸುತ್ತದೆ. ಇಂಥ ಅನೇಕ ಪ್ರಕರಣಗಳಲ್ಲಿ ಮೂಲ ದೋಷ ಟೆನ್ಷನರ್‌ನಲ್ಲಿರುತ್ತದೆ. ಅದು ಸವೆದಿದ್ದರೆ ಹೊಸ ಬೆಲ್ಟೂ ಬೇಗ ಹಾಳಾಗುತ್ತದೆ. ಬೆಲ್ಟ್, ಟೆನ್ಷನರ್, ಪುಲ್ಲಿಗಳು ಒಂದೇ ವ್ಯವಸ್ಥೆಯ ಅಂಗಗಳು. ಒಂದನ್ನು ನೋಡುವಾಗ ಉಳಿದವನ್ನೂ ನೋಡಲೇಬೇಕು.

ಫ್ಯಾನ್ ಬೆಲ್ಟಿನಿಂದ ಒಂದೇ ಬೆಲ್ಟಿನವರೆಗೆ

ಹಿಂದಿನ ಕಾರುಗಳಲ್ಲಿ ಇಂಗ್ಲಿಷಿನ ವಿ ಅಕ್ಷರದಂತೆ ಕೆಳಗೆ ಚೂಪಾಗುವ ಅಡ್ಡಕೊಯ್ತದ ಬೆಲ್ಟುಗಳಿದ್ದವು. ಅಂಬಾಸಡರ್ ಕಾರಿನಲ್ಲಿ ಇದೇ ಬೆಲ್ಟ್ ರೇಡಿಯೇಟರ್ ಹಿಂದಿನ ಫ್ಯಾನನ್ನೂ ತಿರುಗಿಸುತ್ತಿತ್ತು. ಫ್ಯಾನ್ ಬೆಲ್ಟ್ ಎಂಬ ಹೆಸರು ಬಂದದ್ದು ಹೀಗೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲಿ ಫ್ಯಾನ್ ವಿದ್ಯುತ್ ಮೋಟಾರಿನಿಂದ ತಿರುಗುತ್ತಿದ್ದರೂ ಗ್ಯಾರೇಜುಗಳಲ್ಲಿ ಬೆಲ್ಟಿಗೆ ಅದೇ ಹೆಸರು ಉಳಿಯಿತು. ಈ ಕಾರುಗಳಲ್ಲಿ ಬಿಗಿ ಹೊಂದಿಸುವುದು ಕೈಕೆಲಸ. ಬೋಲ್ಟ್ ಸಡಿಲಿಸಿ, ಆಲ್ಟರ್ನೇಟರನ್ನು ಹೊರಕ್ಕೆ ಮೀಟಿ ಹಿಡಿದು, ಮತ್ತೆ ಬೋಲ್ಟ್ ಬಿಗಿಯಬೇಕು. ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ಸುಮಾರು 10 ಮಿ.ಮೀ. ಬಗ್ಗಿದರೆ ಬಿಗಿ ಸರಿಯಿದೆ ಎಂಬುದು ರೂಢಿಯ ಅಳತೆ.

ಎ.ಸಿ., ಪವರ್ ಸ್ಟಿಯರಿಂಗ್ ಬಂದಂತೆ ಎರಡು ಮೂರು ಬೆಲ್ಟುಗಳು ಬೇಕಾದವು, ಎಂಜಿನ್ ಕೋಣೆಯಲ್ಲಿ ಜಾಗ ಸಾಲದಾಯಿತು. ಅದಕ್ಕೆ ಪರಿಹಾರವಾಗಿ ಬಂದದ್ದು ಎಲ್ಲ ಪುಲ್ಲಿಗಳನ್ನೂ ಬಳಸಿ ಹಾಯುವ ಉದ್ದನೆಯ ಒಂದೇ ಬೆಲ್ಟ್. ಅಮೆರಿಕದಲ್ಲಿ 1979ರ ಫೋರ್ಡ್ ಮಸ್ಟಾಂಗ್ ಇದನ್ನು ಮೊದಲಿಗೆ ಅಳವಡಿಸಿಕೊಂಡ ಕಾರುಗಳಲ್ಲಿ ಹೆಸರಾದದ್ದು. ಈ ಬೆಲ್ಟ್ ಚಪ್ಪಟೆ. ಒಳಮೈಯಲ್ಲಿ ಉದ್ದಕ್ಕೂ ಸಣ್ಣ ಏಣುಗಳು, ಹೊರಮೈ ನಯ. ಬೆಲ್ಟಿನ ಬೆನ್ನಿನ ಮೇಲಿನ ಸಂಖ್ಯೆಯಲ್ಲೇ ಅದರ ಅಳತೆ ಇರುತ್ತದೆ. 6ಪಿಕೆ1750 ಎಂದಿದ್ದರೆ ಆರು ಏಣು, ಪಿಕೆ ಮಾದರಿ, 1,750 ಮಿ.ಮೀ. ಉದ್ದ. ಪಿಕೆ ಮಾದರಿಯಲ್ಲಿ ಒಂದು ಏಣಿನಿಂದ ಮುಂದಿನದಕ್ಕೆ 3.56 ಮಿ.ಮೀ. ಅಂತರ.

ಒಂದೇ ಬೆಲ್ಟ್ ಇಷ್ಟೊಂದು ಪುಲ್ಲಿಗಳನ್ನು ತಿರುಗಿಸುವಾಗ ಬಿಗಿಯನ್ನು ಆಗಾಗ ಕೈಯಿಂದ ಸರಿಪಡಿಸುತ್ತ ಕೂರಲಾಗದು. ಅದಕ್ಕಾಗಿ ಅನೇಕ ಎಂಜಿನ್‌ಗಳಲ್ಲಿ ತಾನಾಗಿಯೇ ಬಿಗಿ ಕಾಯ್ದುಕೊಳ್ಳುವ ಸ್ಪ್ರಿಂಗ್ ಟೆನ್ಷನರ್ ಬಂತು. ಹಾಗೆಂದು ಏಣಿನ ಬೆಲ್ಟಿರುವ ಎಲ್ಲ ಕಾರಿನಲ್ಲೂ ಇದು ಇರುತ್ತದೆ ಎನ್ನುವಂತಿಲ್ಲ. ಕೆಲವು ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಇಂದಿಗೂ ಬೋಲ್ಟಿನಿಂದಲೇ ಬಿಗಿ ಹೊಂದಿಸಬೇಕು. ಇನ್ನು ಕೆಲವಲ್ಲಿ ರಬ್ಬರ್ ಬ್ಯಾಂಡಿನಂತೆ ಹಿಗ್ಗುವ ವಿಶೇಷ ಬೆಲ್ಟ್ ಇದ್ದು, ಟೆನ್ಷನರ್ ಇರುವುದೇ ಇಲ್ಲ.

ಕರ್ನಾಟಕದ ರಸ್ತೆಗಳಲ್ಲಿ ಈ ಟೆನ್ಷನರ್ ಸಮಸ್ಯೆಯನ್ನು ಚೆನ್ನಾಗಿ ಅರಿಯಲು 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಒಳ್ಳೆಯ ಉದಾಹರಣೆ. ಫಿಯಟ್ ಮೂಲದ 1,248 ಸಿ.ಸಿ.ಯ ಈ ಎಂಜಿನ್ 2007ರಲ್ಲಿ ಮಾರುತಿ ಸ್ವಿಫ್ಟ್ ಡೀಸೆಲ್‌ಗೆ ಬಂತು. ಡಿಸೈರ್, ರಿಟ್ಜ್, ಎರ್ಟಿಗಾ, ಟಾಟಾ ಇಂಡಿಕಾ ವಿಸ್ಟಾ, ಫಿಯಟ್ ಪುಂಟೊ, ಲಿನಿಯಾ ಕಾರುಗಳಲ್ಲೂ ಓಡಿತು. 2020ರಲ್ಲಿ ಬಿಎಸ್6 ಹೊಗೆ ನಿಯಮ ಜಾರಿಯಾದಾಗ ಮಾರುತಿ ಕಾರುಗಳಿಂದ ಅದು ಮರೆಯಾಯಿತು. ಆ ಕಾರುಗಳು ಟ್ಯಾಕ್ಸಿಯಾಗಿ, ಮನೆಯ ವಾಹನವಾಗಿ ಇನ್ನೂ ಓಡುತ್ತಿವೆ. ಲಕ್ಷ ಕಿ.ಮೀ. ದಾಟಿದವೇ ಹೆಚ್ಚು. ಈ ಎಂಜಿನ್‌ನ ಕವಾಟಗಳ ಸಮಯ ಹೊಂದಿಸುವುದು ಚೈನ್. ಆದರೆ ವಾಟರ್ ಪಂಪ್, ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್ ತಿರುಗುವುದು ಹೊರಗಿನ ಬೆಲ್ಟಿನಿಂದ. ಸ್ವಿಫ್ಟ್‌ನಲ್ಲಿ ಸ್ಟಿಯರಿಂಗ್‌ಗೆ ವಿದ್ಯುತ್ ಮೋಟಾರ್ ಇದ್ದರೆ, ಪುಂಟೊ, ಲಿನಿಯಾಗಳಲ್ಲಿ ಹೈಡ್ರಾಲಿಕ್ ಪಂಪ್ ಇದೆ.

ಟೆನ್ಷನರ್‌ನ ಒಳಗೇನಿದೆ

ಟೆನ್ಷನರ್‌ನಲ್ಲಿ ಐದು ಮುಖ್ಯ ಭಾಗಗಳಿವೆ. ಎಂಜಿನ್‌ಗೆ ಬೋಲ್ಟ್ ಮೂಲಕ ಕೂರುವ ಬುಡ, ಆ ಬುಡದ ಮೇಲೆ ಅತ್ತಿತ್ತ ತಿರುಗುವ ತೋಳು, ತೋಳನ್ನು ಬೆಲ್ಟಿನ ಕಡೆಗೆ ಒತ್ತುವ ಸುರುಳಿ ಸ್ಪ್ರಿಂಗ್, ತೋಳಿನ ಕಂಪನ ತಗ್ಗಿಸುವ ಘರ್ಷಣೆಯ ಬುಷ್, ತೋಳಿನ ತುದಿಯ ಪುಲ್ಲಿ. ಪುಲ್ಲಿಯೊಳಗೆ ಎರಡೂ ಬದಿ ಮುಚ್ಚಿದ ಬಾಲ್ ಬೇರಿಂಗ್ ಇರುತ್ತದೆ. ಅದಕ್ಕೆ ಹೊರಗಿನಿಂದ ಗ್ರೀಸ್ ತುಂಬುವ ದಾರಿಯಿಲ್ಲ.

ಸ್ಪ್ರಿಂಗಿನ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಬೆಲ್ಟ್ ಬಿಸಿಗೆ ಹಿಗ್ಗಿದಾಗ, ಹಳೆಯದಾಗಿ ಉದ್ದವಾದಾಗ ತೋಳು ಅಷ್ಟೇ ಮುಂದೆ ಸರಿದು ಸಡಿಲವನ್ನು ತುಂಬುತ್ತದೆ. ಬುಷ್‌ನ ಕೆಲಸ ಅಷ್ಟು ಸುಲಭವಾಗಿ ಕಾಣದು, ಆದರೆ ಅದೂ ಅಷ್ಟೇ ಮುಖ್ಯ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಇಂಧನ ಎರಡು ಸಲ ಉರಿಯುತ್ತದೆ. ಪ್ರತಿ ಉರಿತಕ್ಕೂ ಕ್ರ್ಯಾಂಕ್ ಒಮ್ಮೆ ಮುನ್ನುಗ್ಗಿ ಮತ್ತೆ ನಿಧಾನವಾಗುತ್ತದೆ. ಈ ಏರಿಳಿತ ಬೆಲ್ಟಿಗೆ ದಾಟುತ್ತದೆ. ನಿಮಿಷಕ್ಕೆ 800 ಸುತ್ತಿನ ಐಡಲ್‌ನಲ್ಲಿ ಸೆಕೆಂಡಿಗೆ ಸುಮಾರು 27 ಹೊಡೆತ. ಬುಷ್ ಈ ಹೊಡೆತಗಳನ್ನು ಹೀರದಿದ್ದರೆ ತೋಳು ಕುಣಿಯುತ್ತದೆ, ಬೆಲ್ಟ್ ಅದುರುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಈ ಹೊಡೆತ ಇನ್ನೂ ಜೋರು.

ಸವೆತದ ಪ್ರಮಾಣವನ್ನು ಲೆಕ್ಕ ಹಾಕಿ ನೋಡಬಹುದು. ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ ಒಂದು ಲಕ್ಷ ಕಿ.ಮೀ. ಓಡಲು 2,500 ಗಂಟೆ ಬೇಕು. ಎಂಜಿನ್ ಸರಾಸರಿ ನಿಮಿಷಕ್ಕೆ 1,800 ಸುತ್ತು ತಿರುಗಿತೆಂದರೆ ಒಟ್ಟು 27 ಕೋಟಿ ಸುತ್ತು, ಅಂದರೆ 54 ಕೋಟಿ ಹೊಡೆತ. ಟೆನ್ಷನರ್ ಪುಲ್ಲಿಯ ವ್ಯಾಸ ಕ್ರ್ಯಾಂಕ್ ಪುಲ್ಲಿಯ ಅರ್ಧದಷ್ಟಿದ್ದರೆ ಅದು ಎರಡರಷ್ಟು ಸುತ್ತು ತಿರುಗಿರುತ್ತದೆ. ಲಕ್ಷ ಕಿ.ಮೀ. ಆಸುಪಾಸಿನಲ್ಲಿ ಬುಷ್, ಬೇರಿಂಗ್ ಸವೆಯುವುದು ಸಹಜವೆಂದು ಇದರಿಂದ ತಿಳಿಯುತ್ತದೆ.

ರಸ್ತೆ, ಹವೆಗಳೂ ಸವೆತ ಹೆಚ್ಚಿಸುತ್ತವೆ. ಕಾರು ಹಳೆಯದಾದಂತೆ ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ, ಚಕ್ರದ ಮೇಲಿನ ಮಡ್‌ಗಾರ್ಡ್ ಲೈನರ್ ಒಡೆದು ಬಿದ್ದುಹೋಗಿರುತ್ತವೆ. ಬಿದ್ದುದನ್ನು ಮತ್ತೆ ಹಾಕಿಸುವವರು ಕಡಿಮೆ. ಆಗ ಕರಾವಳಿ, ಮಲೆನಾಡಿನ ಮಳೆನೀರು, ಬಯಲುಸೀಮೆಯ ಧೂಳು ನೇರವಾಗಿ ಬೆಲ್ಟಿನ ಮೇಲೆ ಬೀಳುತ್ತವೆ. ಕೆಸರು ಏಣುಗಳ ನಡುವೆ ಸೇರಿ ಬೆಲ್ಟನ್ನು ತೇಯುತ್ತದೆ, ನೀರು ಬೇರಿಂಗ್ ಸೀಲ್ ದಾಟಿ ಗ್ರೀಸನ್ನು ಕೆಡಿಸುತ್ತದೆ. ಎಂಜಿನ್ ಆಯಿಲ್, ಕೂಲೆಂಟ್ ಸೋರಿ ಬೆಲ್ಟಿನ ಮೇಲೆ ಬಿದ್ದರೂ ಹಾನಿಯೇ.

ಸದ್ದು ಹೇಳುವ ಸುದ್ದಿ

ಸವೆತದ ಮೊದಲ ಸುಳಿವು ಸದ್ದು. ಒಂದೊಂದು ದೋಷಕ್ಕೂ ಬೇರೆ ಬೇರೆ ದನಿಯಿದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಎ.ಸಿ. ಹಾಕಿದಾಗ, ಮಳೆಯಲ್ಲಿ ಓಡಿಸುವಾಗ ‘ಕೀಂಯ್’ ಎಂದು ಎಳೆದಂತೆ ಕೇಳಿದರೆ ಬೆಲ್ಟ್ ಜಾರುತ್ತಿದೆ ಎಂದರ್ಥ. ಸ್ಪ್ರಿಂಗ್ ಬಲ ಕಳೆದುಕೊಂಡಿರಬಹುದು, ಬೆಲ್ಟ್ ಸವೆದಿರಬಹುದು. ‘ಚಿಂವ್ ಚಿಂವ್’ ಎಂಬ ಬಿಡಿ ಬಿಡಿ ಸದ್ದು ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎನ್ನುವುದರ ಗುರುತು. ಟೆನ್ಷನರ್ ತೋಳಿನ ಬುಷ್ ಸವೆದು ಪುಲ್ಲಿ ವಾಲಿದಾಗ ಹೀಗಾಗುತ್ತದೆ. ‘ಗೊರ ಗೊರ’ ಎಂಬ ಸದ್ದು ಎಂಜಿನ್ ವೇಗದ ಜೊತೆ ಏರುತ್ತಿದ್ದರೆ ಬೇರಿಂಗ್ ಒಣಗಿದೆ. ಐಡಲ್‌ನಲ್ಲಿ ಮಾತ್ರ ‘ಟಕ ಟಕ’ ಬಡಿಯುತ್ತಿದ್ದು, ಆಕ್ಸಿಲರೇಟರ್ ಒತ್ತಿದೊಡನೆ ನಿಂತರೆ ತೋಳು ತನ್ನ ಮಿತಿಗೆ ಬಡಿಯುತ್ತಿರುವ ಸಾಧ್ಯತೆ ಹೆಚ್ಚು.

ಜಾರುವ ಸದ್ದನ್ನೂ ವಾಲಿದ ಪುಲ್ಲಿಯ ಸದ್ದನ್ನೂ ಬೇರೆ ಮಾಡಿ ತಿಳಿಯಲು ಸುಲಭ ಪರೀಕ್ಷೆಯಿದೆ. ಎಂಜಿನ್ ಐಡಲ್‌ನಲ್ಲಿರುವಾಗ ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಏಣಿನ ಬದಿಗೆ ಸ್ವಲ್ಪ ನೀರು ಚಿಮುಕಿಸಬೇಕು. ಸದ್ದು ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿಗಳ ಸಾಲು ತಪ್ಪಿದೆ. ಸದ್ದು ಇನ್ನೂ ಜೋರಾದರೆ ಬಿಗಿ ಸಾಲುತ್ತಿಲ್ಲ. ಈ ಪರೀಕ್ಷೆ ಮಾಡುವಾಗ ಸೀರೆಯ ಸೆರಗು, ದುಪಟ್ಟಾ, ಸಡಿಲ ತೋಳಿನ ಅಂಗಿ, ಬಿಚ್ಚುಗೂದಲು ಬೆಲ್ಟಿನ ಹತ್ತಿರ ಸುಳಿಯಬಾರದು. ಕೈಯನ್ನೂ ದೂರವೇ ಇಡಬೇಕು.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಎಂಜಿನ್ ಓಡುತ್ತಿರುವಾಗ ತೋಳು ತುಸು ನಡುಗುವುದು ಸಹಜ. ಅದು ಕಣ್ಣಿಗೆ ಹೊಡೆಯುವಂತೆ ಹಿಂದೆ ಮುಂದೆ ಕುಣಿಯುತ್ತಿದ್ದರೆ ಬುಷ್ ಮುಗಿದಿದೆ. ಬುಡ, ತೋಳು ಸೇರುವಲ್ಲಿ ಕೆಂಗಂದು ಪುಡಿ, ತುಕ್ಕಿನ ಗೆರೆ, ಲೋಹ ತೇಯ್ದ ಹೊಳಪು ಕಂಡರೂ ಅದೇ ಅರ್ಥ. ಬೆಲ್ಟ್ ಪುಲ್ಲಿಯ ನಡುವೆ ಓಡದೆ ಅಂಚಿಗೆ ಸರಿದಿದ್ದರೆ, ಬೆಲ್ಟಿನ ಬದಿಯ ನೂಲು ಎದ್ದಿದ್ದರೆ ಪುಲ್ಲಿ ವಾಲಿದೆ. ಅನೇಕ ಟೆನ್ಷನರ್‌ಗಳ ಬುಡದಲ್ಲಿ ಎರಡು ಗೆರೆಗಳಿದ್ದು, ತೋಳಿನ ಮೇಲೆ ಒಂದು ಸೂಚಿ ಇರುತ್ತದೆ. ಸೂಚಿ ಆ ಎರಡು ಗೆರೆಗಳ ನಡುವೆ ಇರಬೇಕು. ಗೆರೆ ದಾಟಿದ್ದರೆ ಬೆಲ್ಟ್ ಉದ್ದವಾಗಿದೆ ಅಥವಾ ಬೇರೆ ಅಳತೆಯ ಬೆಲ್ಟ್ ಹಾಕಲಾಗಿದೆ.

ಬೆಲ್ಟನ್ನು ಪರೀಕ್ಷಿಸುವಾಗ ಹಳೆಯ ಅಭ್ಯಾಸವೊಂದನ್ನು ತಿದ್ದಿಕೊಳ್ಳಬೇಕು. ಹಿಂದಿನ ನಿಯೋಪ್ರಿನ್ ರಬ್ಬರಿನ ಬೆಲ್ಟುಗಳು ಹಳತಾದಂತೆ ಅಡ್ಡಡ್ಡ ಬಿರುಕು ಬಿಡುತ್ತಿದ್ದವು, ಬಿರುಕು ನೋಡಿ ಬದಲಿಸುತ್ತಿದ್ದರು. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟುಗಳು ಸುಲಭಕ್ಕೆ ಬಿರಿಯುವುದಿಲ್ಲ, ಟೈರಿನಂತೆ ಸವೆಯುತ್ತವೆ. ಏಣುಗಳ ನಡುವಿನ ಕಣಿವೆ ಅಗಲವಾಗಿ, ಪುಲ್ಲಿಯ ಏಣು ಬೆಲ್ಟಿನ ತಳಕ್ಕೆ ತಾಗತೊಡಗುತ್ತದೆ. ಆಗ ಬದಿಯ ಹಿಡಿತ ತಪ್ಪುತ್ತದೆ. ಬಿರುಕಿಲ್ಲದ ಬೆಲ್ಟೂ ಸವೆದು ಮುಗಿದಿರಬಹುದು. ಸವೆತ ಅಳೆಯುವ ಸಣ್ಣ ಪ್ಲಾಸ್ಟಿಕ್ ಗೇಜ್ ಇದಕ್ಕಾಗಿಯೇ ಸಿಗುತ್ತದೆ.

ಕಡೆಗಣಿಸಿದರೆ ಏನಾಗುತ್ತದೆ

ಬೆಲ್ಟ್ ಜಾರಿದರೆ ಮೊದಲು ಆಲ್ಟರ್ನೇಟರ್ ಸೊರಗುತ್ತದೆ. ಹೆಡ್‌ಲೈಟ್ ಮಂಕಾಗುತ್ತದೆ, ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದಿಲ್ಲ, ಬ್ಯಾಟರಿಯೇ ಕೆಟ್ಟಿದೆಯೆಂದು ಹೊಸದನ್ನು ಕೊಂಡು ತರುವುದೂ ಉಂಟು. ಬೆಲ್ಟ್ ಪೂರ್ತಿ ಕಳಚಿದರೆ ಮೀಟರ್ ಫಲಕದಲ್ಲಿ ಬ್ಯಾಟರಿಯ ಕೆಂಪು ದೀಪ ಬೆಳಗುತ್ತದೆ. ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುವ ಎಂಜಿನ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ಬಿಸಿ ಏರುತ್ತದೆ. ಶಿರಾಡಿ, ಚಾರ್ಮಾಡಿಯಂಥ ಘಾಟಿ ಹತ್ತುವಾಗ ಹೀಗಾದರೆ ಏರಿಕೆ ಇನ್ನೂ ಬೇಗ. ಮುಂದಿನ ಊರಿನವರೆಗೆ ಹೇಗೋ ಹೋಗೋಣವೆಂದು ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟು, ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು. ಆ ದುರಸ್ತಿಯ ಖರ್ಚಿನ ಮುಂದೆ ಟೆನ್ಷನರ್‌ನ ಬೆಲೆ ಏನೇನೂ ಅಲ್ಲ.

ಹೈಡ್ರಾಲಿಕ್ ಪವರ್ ಸ್ಟಿಯರಿಂಗ್ ಇರುವ ಕಾರಿನಲ್ಲಿ ಬೆಲ್ಟ್ ಕಳಚಿದೊಡನೆ ಸ್ಟಿಯರಿಂಗ್ ಭಾರವಾಗುತ್ತದೆ. ತಿರುವಿನ ನಡುವೆ ಇದು ಅಪಾಯಕಾರಿ. ಕೆಲವು ಹಳೆಯ ಡೀಸೆಲ್ ವಾಹನಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್‌ನ ಹಿಂಬದಿಗೆ ಜೋಡಿಸಿರುತ್ತದೆ. ಅಲ್ಲಿ ಬೆಲ್ಟ್ ಹೋದರೆ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗುತ್ತದೆ. ಕವಾಟಗಳ ಸಮಯ ಹೊಂದಿಸಲು ಚೈನ್ ಬದಲು ಟೈಮಿಂಗ್ ಬೆಲ್ಟ್ ಇರುವ ಕೆಲವು ಎಂಜಿನ್‌ಗಳಲ್ಲಿ ಹರಿದ ಡ್ರೈವ್ ಬೆಲ್ಟಿನ ಚೂರುಗಳು ಕ್ರ್ಯಾಂಕ್ ಪುಲ್ಲಿಯ ಹಿಂದಿನಿಂದ ಒಳಸೇರಿ ಟೈಮಿಂಗ್ ಬೆಲ್ಟನ್ನೇ ಜಾರಿಸಿದ ನಿದರ್ಶನಗಳಿವೆ. ಆಗ ಕವಾಟಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಪೂರ್ತಿ ಕೆಡುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಟೈಮಿಂಗ್ ಬೆಲ್ಟಿಗೂ, ಟೈಮಿಂಗ್ ಚೈನಿಗೂ ತಮ್ಮದೇ ಟೆನ್ಷನರ್‌ಗಳಿವೆ. ಅವು ಎಂಜಿನ್ ಕವರಿನ ಒಳಗಿರುತ್ತವೆ, ಅವನ್ನು ಬದಲಿಸುವ ಕೆಲಸವೇ ಬೇರೆ. ಬಿಡಿಭಾಗ ಕೊಳ್ಳುವಾಗಲೂ ಗ್ಯಾರೇಜಿನಲ್ಲಿ ಮಾತಾಡುವಾಗಲೂ ಯಾವ ಟೆನ್ಷನರ್ ಎಂಬುದನ್ನು ಬಿಡಿಸಿ ಹೇಳಬೇಕು.

ಬಿಡಿಭಾಗ ಆರಿಸುವುದು

ಟೆನ್ಷನರ್ ಗೊರಗುಟ್ಟಿದಾಗ ಬೇರಿಂಗ್ ಮಾತ್ರ ಬಡಿದು ತೆಗೆದು ಹೊಸದನ್ನು ಕೂರಿಸುವ ಪದ್ಧತಿ ಅನೇಕ ಗ್ಯಾರೇಜುಗಳಲ್ಲಿದೆ. ಸದ್ದು ನಿಲ್ಲುತ್ತದೆ, ಹಣವೂ ಉಳಿಯುತ್ತದೆ. ಆದರೆ ಬೇರಿಂಗ್ ಓಡಿದಷ್ಟೇ ಕಿ.ಮೀ. ಸ್ಪ್ರಿಂಗ್, ಬುಷ್ ಕೂಡ ಓಡಿವೆ. ತೋಳಿನಲ್ಲಿ ಆಟವಿಲ್ಲ, ಸ್ಪ್ರಿಂಗ್ ಬಲವಾಗಿದೆ ಎಂದು ಖಚಿತವಾದರೆ ಮಾತ್ರ ಪುಲ್ಲಿಯೊಂದನ್ನೇ ಬದಲಿಸುವುದು ಸರಿ. ಲಕ್ಷ ಕಿ.ಮೀ. ದಾಟಿದ ಕಾರಿಗೆ ಪೂರ್ತಿ ಟೆನ್ಷನರ್, ಬೆಲ್ಟ್, ಬೆಲ್ಟಿಗೆ ದಾರಿ ತೋರುವ ಐಡ್ಲರ್ ಪುಲ್ಲಿ ಮೂರನ್ನೂ ಒಟ್ಟಿಗೆ ಹಾಕುವುದು ಲೇಸು. ಮೂರಕ್ಕೂ ಬಿಚ್ಚುವ ಕೆಲಸ ಒಂದೇ, ಕೂಲಿಯೂ ಒಂದೇ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಒಂದೇ ಕಾರಿಗೆ ಹಲವು ಬೆಲೆಯ ಟೆನ್ಷನರ್‌ಗಳು ಸಿಗುತ್ತವೆ. ಕಾರಿನ ಹೆಸರಷ್ಟೇ ಹೇಳಿದರೆ ಸಾಲದು. ತಯಾರಾದ ವರ್ಷ, ಎಂಜಿನ್ ಮಾದರಿ, ಛಾಸಿ ನಂಬರ್, ಸಾಧ್ಯವಾದರೆ ಹಳೆಯ ಭಾಗದ ಪಾರ್ಟ್ ನಂಬರ್ ಕೊಡಬೇಕು. ಎ.ಸಿ. ಇರುವ ಕಾರಿಗೂ ಇಲ್ಲದ ಕಾರಿಗೂ ಬೆಲ್ಟಿನ ಉದ್ದ ಬೇರೆ. ಕಂಪನಿಯ ಪೊಟ್ಟಣದಲ್ಲಿ ನಕಲಿ ಮಾಲು ಬರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಬೇಕು. ಗುಜರಿಯಿಂದ ತಂದ ಟೆನ್ಷನರ್ ಎಷ್ಟು ಅಗ್ಗವಾದರೂ ಬೇಡ. ಅದರ ಸ್ಪ್ರಿಂಗ್ ಎಷ್ಟು ದುಡಿದಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ.

ಬಿಚ್ಚುವ ಕ್ರಮ

ಕೆಲಸ ತಣ್ಣಗಿನ ಎಂಜಿನ್ ಮೇಲೆ, ಸಮತಟ್ಟು ನೆಲದಲ್ಲಿ ನಡೆಯಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಬ್ಯಾಟರಿಯ ಮೈನಸ್ ವೈರ್ ಬಿಚ್ಚುವುದು ಮೊದಲ ಹೆಜ್ಜೆ. ವೈರ್ ಬಿಚ್ಚಿದರೆ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುವ ಭಯವೂ ಇರದು. ಮುಂಚಕ್ರಗಳಿಗೆ ಬಲ ಹೋಗುವ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ. ಸ್ವಿಫ್ಟ್‌ನಂಥ ಕಾರಿನಲ್ಲಿ ಬೆಲ್ಟ್ ಇರುವುದು ಬಲಬದಿಯಲ್ಲಿ. ಮೇಲಿನಿಂದ ಕೈ ಹೋಗದಷ್ಟು ಇಕ್ಕಟ್ಟಾದ್ದರಿಂದ ಬಲ ಮುಂಚಕ್ರ, ಅದರ ಒಳಗಿನ ಲೈನರ್ ಬಿಚ್ಚಿದರೆ ಅನುಕೂಲ. ಕಾರನ್ನು ಜಾಕ್ ಮೇಲೆ ಮಾತ್ರ ಬಿಟ್ಟು ಕೆಳಗೆ ಕೈಹಾಕಬಾರದು, ಗಟ್ಟಿ ಸ್ಟ್ಯಾಂಡ್ ಕೊಡಲೇಬೇಕು.

ಬಿಚ್ಚುವ ಮುಂಚೆ ಬೆಲ್ಟ್ ಯಾವ ಪುಲ್ಲಿಯ ಮೇಲೆ ಹೇಗೆ ಹಾದಿದೆ ಎಂಬುದರ ಫೋಟೊ ತೆಗೆದಿಡಬೇಕು. ಬಾನೆಟ್ಟಿನ ಒಳಬದಿಯಲ್ಲಿ ಇದರ ಚಿತ್ರವಿರುವ ಸ್ಟಿಕರ್ ಕೆಲವು ಕಾರುಗಳಲ್ಲಿರುತ್ತದೆ, ಹಳೆಯ ಕಾರಿನಲ್ಲಿ ಅದು ಅಳಿಸಿಹೋಗಿರುವುದೇ ಹೆಚ್ಚು. ದಾರಿ ತಪ್ಪಿ ಹಾಕಿದ ಬೆಲ್ಟ್ ವಾಟರ್ ಪಂಪನ್ನು ಉಲ್ಟಾ ತಿರುಗಿಸಬಹುದು.

ಟೆನ್ಷನರ್ ತೋಳಿನ ಮೇಲೆ ಸ್ಪ್ಯಾನರ್ ಹಿಡಿಯಲು ಆರು ಮೂಲೆಯ ಉಬ್ಬು ಅಥವಾ ಚೌಕನೆಯ ತೂತು ಇರುತ್ತದೆ. ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಬೆಲ್ಟ್ ಸಡಿಲವಾಗುವ ದಿಕ್ಕಿಗೆ ತೋಳನ್ನು ನಿಧಾನವಾಗಿ ತಿರುಗಿಸಬೇಕು. ದಿಕ್ಕು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಸರಿಯಾದ ದಿಕ್ಕಿನಲ್ಲಿ ಸ್ಪ್ರಿಂಗ್ ಎದುರೊತ್ತುವುದು ಕೈಗೆ ತಿಳಿಯುತ್ತದೆ. ಬೆಲ್ಟ್ ಸಡಿಲವಾದಾಗ ಕೈಗೆಟುಕುವ, ಏಣಿಲ್ಲದ ನಯ ಪುಲ್ಲಿಯಿಂದ ಅದನ್ನು ಜಾರಿಸಿ ತೆಗೆಯಬೇಕು. ಕೆಲವು ಟೆನ್ಷನರ್‌ಗಳಲ್ಲಿ ತೋಳನ್ನು ಹಾಗೆಯೇ ನಿಲ್ಲಿಸಲು ಪಿನ್ ತೂರಿಸುವ ತೂತುಗಳಿರುತ್ತವೆ. ಅದಿಲ್ಲದಿದ್ದರೆ ತೋಳನ್ನು ನಿಧಾನವಾಗಿ ಹಿಂದಕ್ಕೆ ಬಿಡಬೇಕು. ಒಮ್ಮೆಲೇ ಬಿಟ್ಟರೆ ತೋಳು ರಪ್ಪನೆ ಬಡಿದು ಬೆರಳು ಜಜ್ಜಬಹುದು. ಬೆಲ್ಟನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಯುವುದು, ಕತ್ತರಿಸುವುದು ಎರಡೂ ತಪ್ಪು.

ಬೆಲ್ಟ್ ಹೊರಬಂದಾಗ ಉಳಿದ ಪುಲ್ಲಿಗಳನ್ನು ಪರೀಕ್ಷಿಸಲು ಸಿಗುವ ಅವಕಾಶವನ್ನು ಬಿಡಬಾರದು. ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ, ಅಲುಗಿಸಿ ನೋಡಬೇಕು. ವಾಟರ್ ಪಂಪ್ ಶಾಫ್ಟಿನ ಸುತ್ತ ಕೂಲೆಂಟ್ ಒಣಗಿದ ಕಲೆಯಿದ್ದರೆ ಪಂಪ್ ಸೋರುತ್ತಿದೆ. ಕ್ರ್ಯಾಂಕ್ ಪುಲ್ಲಿಯಲ್ಲಿ ಒಳ ಉಂಗುರ, ಹೊರ ಉಂಗುರಗಳ ನಡುವೆ ರಬ್ಬರ್ ಇರುತ್ತದೆ. ಅದು ಬಿರಿದಿದ್ದರೆ, ಉಬ್ಬಿದ್ದರೆ ಪುಲ್ಲಿ ಅಲುಗುತ್ತದೆ. ಅನೇಕ ಡೀಸೆಲ್ ಕಾರುಗಳ ಆಲ್ಟರ್ನೇಟರ್‌ನಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಪುಲ್ಲಿ ಇದೆ. ಕ್ರ್ಯಾಂಕ್ ವೇಗ ತಗ್ಗಿದಾಗ ಭಾರದ ಆಲ್ಟರ್ನೇಟರ್ ತನ್ನ ಓಟ ಮುಂದುವರಿಸಲಿ, ಬೆಲ್ಟಿಗೆ ಜಗ್ಗು ಬೀಳದಿರಲಿ ಎಂಬುದು ಅದರ ಉದ್ದೇಶ. ಈ ಪುಲ್ಲಿ ಒಂದು ಕಡೆ ಸರಾಗವಾಗಿ ತಿರುಗಿ, ಇನ್ನೊಂದು ಕಡೆ ಆಲ್ಟರ್ನೇಟರ್ ಶಾಫ್ಟನ್ನು ಹಿಡಿಯಬೇಕು. ಎರಡೂ ಕಡೆ ಹಿಡಿದುಕೊಂಡರೆ ಅದು ಜಾಮ್ ಆಗಿದೆ. ಅಂಥ ಪುಲ್ಲಿಯನ್ನು ಹಾಗೇ ಬಿಟ್ಟರೆ ಅದರ ಹೊಡೆತವೆಲ್ಲ ಹೊಸ ಟೆನ್ಷನರ್‌ಗೆ ಬಿದ್ದು ಅದೂ ಬೇಗ ಸವೆಯುತ್ತದೆ. ಹೊಸ ಟೆನ್ಷನರ್ ಹಾಕಿದ ಮೇಲೂ ತೋಳು ಕುಣಿಯುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ಪುಲ್ಲಿಯನ್ನೇ.

ಟೆನ್ಷನರ್ ಒಂದರಿಂದ ಮೂರು ಬೋಲ್ಟುಗಳಲ್ಲಿ ಕೂತಿರುತ್ತದೆ. ಬೋಲ್ಟುಗಳ ಉದ್ದ ಬೇರೆ ಬೇರೆಯಿರಬಹುದು, ಯಾವುದು ಎಲ್ಲಿಯದೆಂದು ಗುರುತಿಡಬೇಕು. ತುಕ್ಕು ಹಿಡಿದ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕು. ಅಲ್ಯೂಮಿನಿಯಂ ಎಂಜಿನ್ ಬ್ಲಾಕಿನಲ್ಲಿ ಬಲಪ್ರಯೋಗ ಮಾಡಿದರೆ ಮರೆಯೇ (ಥ್ರೆಡ್) ಕಿತ್ತುಬರುತ್ತದೆ. ಕೆಲವು ಟೆನ್ಷನರ್ ಪುಲ್ಲಿಗಳ ಬೋಲ್ಟಿಗೆ ಎಡಮರೆ ಇರುತ್ತದೆ. ಬಿಚ್ಚಿದಷ್ಟೂ ಬಿಗಿಯಾಗುತ್ತಿದ್ದರೆ ನಿಲ್ಲಿಸಿ, ಮರೆಯ ದಿಕ್ಕು ನೋಡಬೇಕು.

ಜೋಡಿಸುವ ಕ್ರಮ

ಹೊಸ ಟೆನ್ಷನರನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಪುಲ್ಲಿಯ ವ್ಯಾಸ, ಅಗಲ, ಬುಡದಿಂದ ಅದು ಎಷ್ಟು ಹೊರಗಿದೆ ಎಂಬ ಅಂತರ, ಬೋಲ್ಟ್ ತೂತುಗಳು ಎಲ್ಲವೂ ತಾಳೆಯಾಗಬೇಕು. ಹಲವು ಟೆನ್ಷನರ್‌ಗಳ ಬುಡದ ಹಿಂಬದಿಯಲ್ಲಿ ಒಂದು ಸಣ್ಣ ಮೊಳೆಯಂಥ ಉಬ್ಬಿದ್ದು, ಅದು ಎಂಜಿನ್ ಮೇಲಿನ ತೂತಿನಲ್ಲಿ ಕೂರಬೇಕು. ಅದು ಕೂರದೆಯೇ ಬೋಲ್ಟ್ ಬಿಗಿದರೆ ಟೆನ್ಷನರ್ ವಾಲಿ ನಿಲ್ಲುತ್ತದೆ, ಉಬ್ಬು ಮುರಿಯುತ್ತದೆ, ಬೆಲ್ಟ್ ಮೊದಲ ದಿನವೇ ಸದ್ದು ಮಾಡುತ್ತದೆ. ಆದ್ದರಿಂದ ಕೂರುವ ಜಾಗದ ಕೊಳೆ, ತುಕ್ಕು ಒರೆಸಿ, ಉಬ್ಬು ಸರಿಯಾಗಿ ಕೂತದ್ದನ್ನು ನೋಡಿ, ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಬೇಕು. ಆಮೇಲೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಎಷ್ಟು ಬಿಗಿಯಬೇಕೆಂಬ ಅಂಕಿ ಆಯಾ ಕಾರಿನ ವರ್ಕ್‌ಶಾಪ್ ಕೈಪಿಡಿಯಲ್ಲಿರುತ್ತದೆ. ಅಂದಾಜಿನ ಮೇಲೆ ಎಳೆಯುವುದು ಒಳ್ಳೆಯದಲ್ಲ.

ಪಿನ್ ಹಾಕಿ ಬಂದ ಟೆನ್ಷನರ್ ಆದರೆ ಬೆಲ್ಟ್ ಪೂರ್ತಿ ಕೂರುವವರೆಗೆ ಪಿನ್ ತೆಗೆಯಬಾರದು. ಪುಲ್ಲಿಗಳ ಏಣಿನಲ್ಲಿ ಅಂಟಿದ ರಬ್ಬರ್ ಪುಡಿ, ಎಣ್ಣೆಯನ್ನು ಒರೆಸಬೇಕು. ಬೆಲ್ಟನ್ನು ಕ್ರ್ಯಾಂಕ್ ಪುಲ್ಲಿಯಿಂದ ಶುರುಮಾಡಿ, ಫೋಟೊ ನೋಡುತ್ತ, ಒಂದೊಂದೇ ಪುಲ್ಲಿಗೆ ಹಾಕಿ, ಕೊನೆಯಲ್ಲಿ ನಯ ಪುಲ್ಲಿಯ ಮೇಲೆ ಜಾರಿಸಬೇಕು. ಏಣಿನ ಬದಿ ಏಣಿನ ಪುಲ್ಲಿಗೆ, ನಯ ಬೆನ್ನು ನಯ ಪುಲ್ಲಿಗೆ ತಾಗಬೇಕು. ತೋಳನ್ನು ಸ್ಪ್ಯಾನರ್‌ನಿಂದ ಹಿಡಿದು ಪಿನ್ ತೆಗೆದು ನಿಧಾನವಾಗಿ ಬಿಟ್ಟರೆ ಬೆಲ್ಟ್ ಬಿಗಿಯಾಗುತ್ತದೆ.

ಇಲ್ಲಿ ಹೆಚ್ಚಾಗಿ ಆಗುವ ತಪ್ಪೆಂದರೆ ಬೆಲ್ಟ್ ಯಾವುದೋ ಒಂದು ಪುಲ್ಲಿಯ ಮೇಲೆ ಒಂದು ಏಣಿನಷ್ಟು ಪಕ್ಕಕ್ಕೆ ಕೂರುವುದು. ಕಣ್ಣಿಗೆ ಕಾಣದ ಪುಲ್ಲಿಗಳ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಆಮೇಲೆ ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನನ್ನು ಅದು ಸಹಜವಾಗಿ ತಿರುಗುವ ದಿಕ್ಕಿನಲ್ಲೇ ಎರಡು ಸುತ್ತು ಕೈಯಿಂದ ತಿರುಗಿಸಬೇಕು. ಬೆಲ್ಟ್ ಎಲ್ಲೂ ಸರಿಯದೆ ಓಡಿದರೆ ಬ್ಯಾಟರಿ ವೈರ್ ಜೋಡಿಸಿ ಸ್ಟಾರ್ಟ್ ಮಾಡಬಹುದು. ಮೊದಲು ಐಡಲ್‌ನಲ್ಲಿ, ಆಮೇಲೆ ಎ.ಸಿ., ಹೆಡ್‌ಲೈಟ್ ಹಾಕಿ ತೋಳಿನ ಚಲನೆ, ಸದ್ದು, ಸೂಚಿಯ ಜಾಗ ನೋಡಬೇಕು. ಎಲ್ಲ ಸರಿಯಿದ್ದರೆ ಲೈನರ್, ಚಕ್ರ ಜೋಡಿಸಿದರೆ ಕೆಲಸ ಮುಗಿಯಿತು. ಕೆಲವು ನೂರು ಕಿ.ಮೀ. ಓಡಿದ ಮೇಲೆ ಒಮ್ಮೆ ಬಾನೆಟ್ ಎತ್ತಿ ಬೆಲ್ಟ್ ಪುಲ್ಲಿಯ ನಡುವೆಯೇ ಓಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಎಂಜಿನ್ ಮೌಂಟ್ ಬಿಚ್ಚದೆ ಬೆಲ್ಟ್ ಹೊರಬರದ ಕಾರುಗಳೂ ಇವೆ. ಅಂಥ ಕಡೆ ಎಂಜಿನನ್ನು ಕೆಳಗಿನಿಂದ ಆಧರಿಸಿ ಹಿಡಿಯಬೇಕಾದ್ದರಿಂದ ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಸರಿ. ಕೆಲಸವನ್ನು ಗ್ಯಾರೇಜಿಗೆ ಕೊಡುವವರೂ ಮೇಲಿನ ಕ್ರಮ ತಿಳಿದಿದ್ದರೆ ಹಳೆಯ ಭಾಗವನ್ನು ಕೇಳಿ ಪಡೆದು, ತೋಳಿನ ಆಟ, ಬೇರಿಂಗ್ ಸದ್ದನ್ನು ತಾವೇ ನೋಡಬಹುದು.

ಮುಂದಿನ ಜೋಪಾನ

ಕಿರುಚುವ ಬೆಲ್ಟಿಗೆ ಸೋಪು, ಮೇಣ, ಗ್ರೀಸ್ ಸವರುವುದು, ಸ್ಪ್ರೇ ಹೊಡೆಯುವುದು ರೂಢಿಯಲ್ಲಿದೆ. ಸದ್ದು ಒಂದೆರಡು ದಿನ ಮುಚ್ಚಿಹೋಗುತ್ತದೆ, ದೋಷ ಉಳಿಯುತ್ತದೆ. ಅಂಟಿದ ಪದಾರ್ಥ ಧೂಳನ್ನು ಹಿಡಿದು ಬೆಲ್ಟನ್ನು ಇನ್ನೂ ಬೇಗ ತೇಯುತ್ತದೆ. ಬೆಲ್ಟಿಗೆ ಯಾವ ಎಣ್ಣೆಯೂ ಬೇಡ, ಅದು ಒಣಗಿ ಸ್ವಚ್ಛವಾಗಿರಬೇಕು. ಎಂಜಿನ್ ಕೆಳಗಿನ ಹೊದಿಕೆ, ಚಕ್ರದ ಲೈನರ್ ಬಿದ್ದುಹೋಗಿದ್ದರೆ ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಆಯಿಲ್ ಸೋರಿಕೆಯನ್ನು ತಡಮಾಡದೆ ನಿಲ್ಲಿಸಬೇಕು. ಪ್ರತಿ ಸರ್ವೀಸಿನಲ್ಲೂ ಬೆಲ್ಟಿನ ಜೊತೆ ಟೆನ್ಷನರ್ ತೋಳಿನ ಸೂಚಿಯನ್ನು ನೋಡಲು ಮೆಕ್ಯಾನಿಕ್‌ಗೆ ಹೇಳಬೇಕು. ಬ್ಯಾಟರಿ ದೀಪದ ಜೊತೆ ಬಿಸಿಯ ಮುಳ್ಳೂ ಏರಿದರೆ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಅಲ್ಲಿಂದ ಮುಂದಕ್ಕೆ ಒಂದು ಕಿ.ಮೀ. ಕೂಡ ಓಡಿಸಬಾರದು.

ಖಾಸಗಿ ಕಾರಿನ ಹದಿನೈದು ವರ್ಷದ ನೋಂದಣಿ ಮುಗಿದ ಮೇಲೂ ಐದೈದು ವರ್ಷಕ್ಕೆ ನವೀಕರಿಸಿ ಓಡಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥ ಕಾರಿನ ಎಂಜಿನ್ ಇನ್ನೂ ಗಟ್ಟಿಯಾಗಿರಬಹುದು, ಅದನ್ನು ಕಾಯುವ ಸಣ್ಣ ಭಾಗಗಳ ಆಯುಷ್ಯ ಮಾತ್ರ ಅಷ್ಟು ದೀರ್ಘವಲ್ಲ. ಲಕ್ಷ ಕಿ.ಮೀ. ದಾಟಿದ ಕಾರಿಗೆ ಮುಂದಿನ ಸಲ ಬೆಲ್ಟ್ ಹಾಕಿಸುವಾಗ ಟೆನ್ಷನರನ್ನೂ ಅದರ ಜೊತೆಗೇ ಬದಲಿಸಿ.